ನೆತ್ತರುಗೊಡಗೆ

ಕಲ್ಲನ್ನು ಮಗುಚಿದವನು ಚಿಕ್ಕತಿಮ್ಮಪ್ಪನೇ. ಆ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ನೀಲವ್ವನಕಟ್ಟೆ ಅಂದರೆ ತಾಳ್ಯದಿಂದ ಆಟೋದಲ್ಲಿ ಕಾಲು ಗಂಟೆಯ ದಾರಿ. ಮೇಲೆ ಊರು, ಕೆಳಗೆ ಕೇರಿ, ಅದರಾಚೆ ಕೆರೆ. ಕೇರಿಯ ನೀರಿನ ತೊಟ್ಟಿಗೆ ಒತ್ತಿಕೊಂಡು ಒಂದು ಚಪ್ಪಡಿ ಕಲ್ಲು ಬಿದ್ದಿತ್ತು. ಆಳುದ್ದ, ಮೂರು ಗೇಣು ಅಗಲ, ಗೇಣು ದಪ್ಪ. ಚಿಕ್ಕತಿಮ್ಮಪ್ಪನ ಅಜ್ಜಿ ಅದರ ಮೇಲೆ ಬಟ್ಟೆ ಒಗೆದಳು. ಅವ್ವ ಒಗೆದಳು. ಹೆಂಡತಿ ಹನುಮಮ್ಮ ಮೂವತ್ತು ವರ್ಷದಿಂದ ಒಗೆಯುತ್ತಿದ್ದಳು. ಕಲ್ಲಿನ ಬೆನ್ನು ಸವೆದು ನುಣ್ಣಗಾಗಿತ್ತು. ಅದಕ್ಕೊಂದು ಮುಖ ಇರಬಹುದು ಅಂತ ಯಾರೂ ಯೋಚಿಸಿರಲಿಲ್ಲ.

ತಮಾಷೆ ಅಂದರೆ ಚಿಕ್ಕತಿಮ್ಮಪ್ಪನ ಕಸುಬೇ ಕಲ್ಲು. ದುರ್ಗದಲ್ಲಿ ಇತಿಹಾಸ ಸಂಶೋಧನೆ ಮಾಡುವ ಒಂದು ಅಧ್ಯಯನ ಕೇಂದ್ರವಿದೆ. ಅಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ದಿನಗೂಲಿ. ಶಾಸನಗಳ ಪಡಿಯಚ್ಚು ತೆಗೆಯುವುದು ಅವನ ಕೆಲಸ. ಕೆಲಸ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಪುಸ್ತಕ ಓದುವವರಿಗೆ ಇದು ಗೊತ್ತಿರುವುದಿಲ್ಲ. ಕಲ್ಲು ಎಲ್ಲೋ ಜಾಲಿಯ ಪೊದೆಯೊಳಗಿರುತ್ತದೆ. ಪೊದೆ ಕಡಿಯಬೇಕು. ಅರ್ಧ ಹೂತಿದ್ದರೆ ಮಣ್ಣು ತೋಡಬೇಕು. ಹಕ್ಕಿಯ ಪಿಚ್ಚಿಕೆ, ಹಾವಸೆ, ಎಣ್ಣೆಯ ಜಿಡ್ಡು ಎಲ್ಲವನ್ನೂ ತೆಂಗಿನ ಗುಂಜಿನಲ್ಲಿ ತಿಕ್ಕಬೇಕು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಮೆತ್ತಿ ಬ್ರಷ್ಷಿನಿಂದ ಹೊಡೆಯಬೇಕು. ಒಂದೇ ಸಮ, ಗಂಟೆಗಟ್ಟಲೆ. ಕಾಗದ ಹರಿಯಬಾರದು, ಆದರೆ ಒಂದೊಂದು ಅಕ್ಷರದ ಗುಂಡಿಗೂ ಇಳಿಯಬೇಕು. ಕೊನೆಗೆ ಶಾಯಿಯ ದಿಂಡು ಒತ್ತಿದರೆ ಕರಿಯ ಕಾಗದದ ಮೇಲೆ ಬಿಳಿಯ ಅಕ್ಷರ ಏಳುತ್ತವೆ. ಏಳುನೂರು ವರ್ಷದ ಹಿಂದಿನವು. ಹಾಗೆ ಹೊಡೆದು ಹೊಡೆದು ಚಿಕ್ಕತಿಮ್ಮಪ್ಪನ ಬಲಗೈಯ ಅಂಗೈಯಲ್ಲಿ ಸ್ಪರ್ಶವೇ ಹೋಗಿತ್ತು. ಬಿಸಿ ಟೀ ಲೋಟ ಹಿಡಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ.

ಹೊಸದುರ್ಗದ ಗುಡ್ಡಗಳು, ಹಿರಿಯೂರಿನ ಆದಿವಾಲದ ಆಚೀಚೆ, ಹೊಳಲ್ಕೆರೆಯ ಹಳ್ಳಿಹಳ್ಳಿ. ಅವನು ಹೊಡೆಯದ ಕಲ್ಲಿಲ್ಲ. ಡಾಕ್ಟರೇಟ್ ಪಡೆದವರು ಕೊಡೆಯ ನೆರಳಲ್ಲಿ ನಿಂತಿರುತ್ತಿದ್ದರು. ಆ ಕಾಗದಗಳಿಂದ ಎಷ್ಟೋ ಪುಸ್ತಕಗಳಾದವು, ಪ್ರಶಸ್ತಿಗಳಾದವು, ಒಬ್ಬರಿಗೆ ದೊಡ್ಡ ಹುದ್ದೆಯೇ ಆಯಿತು. ಮುನ್ನುಡಿಗಳಲ್ಲಿ 'ಸಹಕರಿಸಿದ ಗ್ರಾಮಸ್ಥರಿಗೆ' ಅಂತ ಒಂದು ಸಾಲು ಇರುತ್ತಿತ್ತು. ಅವನ ಹೆಸರು ಒಂದರಲ್ಲೂ ಇರಲಿಲ್ಲ. ಇನ್ನು ಗುಡಿಯ ಒಳಗಿನ ಕಲ್ಲುಗಳಿಗೆ ಅವನನ್ನು ಬಿಡುತ್ತಿರಲಿಲ್ಲ. ಅಲ್ಲಿ ವಿದ್ವಾಂಸರೇ ಹೋಗಿ ಕಾಗದ ಹರಿದುಕೊಂಡು ಹೊರಗೆ ಬರುತ್ತಿದ್ದರು. ಅವನು ಹೊರಗೆ ನಿಂತು ಹರಿದ ಕಾಗದ ಸುತ್ತಿಟ್ಟುಕೊಳ್ಳುತ್ತಿದ್ದ.

ಹೋದ ವರ್ಷ ಪಂಚಾಯಿತಿಯವರು ಕೇರಿಗೆ ಚರಂಡಿ ಮಾಡಿಸಿದರು. ಒಗೆಯುವ ಕಲ್ಲು ಅಡ್ಡ ಬಂತು. ಚಿಕ್ಕತಿಮ್ಮಪ್ಪ ಅಣ್ಣನ ಮಗ ಪರಮೇಶನನ್ನೂ ಇನ್ನಷ್ಟು ಜನರನ್ನೂ ಕೂಡಿಕೊಂಡು ಹಾರೆ ಹಾಕಿ ಮಗುಚಿದ. ಕೆಳಮುಖ ಮೇಲೆ ಬಂತು. ಮಣ್ಣಿನ ಹೆಪ್ಪು ಒಡೆದು ಬಿತ್ತು. ಒಳಗೆ ದನಗಳು ಸಾಲಾಗಿ ನಿಂತಿದ್ದವು. ಮುಂದೆ ಬಿಲ್ಲು ಹಿಡಿದ ಒಬ್ಬ ಮನುಷ್ಯ. ಮೇಲಿನ ಅಂಕಣದಲ್ಲಿ ಅವನನ್ನು ಇಬ್ಬರು ಹೆಂಗಸರು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದರು. ಅಡಿಯಲ್ಲಿ ಎರಡು ಸಾಲು ಅಕ್ಷರ.

"ವೀರಗಲ್ಲು ಕಣ್ಲೇ!" ಅಂದ ಚಿಕ್ಕತಿಮ್ಮಪ್ಪ. "ನಮ್ಮ ಕೇರಿಯಾಗೆ! ನಾನು ಹಿರಿಯೂರು ಹೊಸದುರ್ಗ ಅಂತ ಸುತ್ತಿ ಸತ್ತೆ, ಇದು ನನ್ನ ಹೆಂಡ್ತಿ ಕಾಲಡಿಯಾಗೇ ಇತ್ತು!"

ಹನುಮಮ್ಮ ಬಾಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ನಮ್ಮವ್ವಾ, ಇಷ್ಟು ವರ್ಷ ಸತ್ತೋನ ಮೇಲೆ ಸೀರೆ ಕುಕ್ಕಿದ್ನಾ?"

"ಬೆನ್ನ ಮೇಲೆ ಬಿಡವ್ವಾ, ಮಕದ ಮೇಲಲ್ಲ," ಅಂದಳು ಮಗಳು ಮಂಗಳಾ.

ಮಂಗಳಾ ಇತಿಹಾಸದಲ್ಲಿ ಎಂ.ಎ. ಮಾಡಿ ಅಪ್ಪ ಕೂಲಿ ಮಾಡುವ ಕೇಂದ್ರದಲ್ಲೇ ಪಿಎಚ್‌ಡಿಗೆ ಸೇರಿದ್ದಳು. ಅಪ್ಪ ಕಾಗದ ಸುತ್ತುವ ಕೋಣೆಯ ಮೇಲಿನ ಮಹಡಿಯಲ್ಲಿ ಮಗಳು ಕುಳಿತು ಓದುತ್ತಿದ್ದಳು. ಮಧ್ಯಕಾಲದಲ್ಲಿ ಈ ಸೀಮೆಯ ಕೆಳಜಾತಿಗಳಿಗೆ ಸಿಕ್ಕ ಭೂಮಿ, ಕಳೆದುಹೋದ ಭೂಮಿ, ಇದು ಅವಳ ವಿಷಯ. ನಾಲ್ಕು ವರ್ಷ ಮುಗಿದಿತ್ತು. ಅವಳ ಮಾರ್ಗದರ್ಶಕರು ಡಾ. ಲಕ್ಷ್ಮೀಕಾಂತ್, ಕೇಂದ್ರದ ಮುಖ್ಯಸ್ಥರು.

ಚಿಕ್ಕತಿಮ್ಮಪ್ಪನಿಗೆ ಒಂದು ಅಭ್ಯಾಸ. ಕಲ್ಲಿನ ಎದುರು ಮುಖ ಆದ ಮೇಲೆ ಪಕ್ಕದ ದಪ್ಪವನ್ನೂ ತೊಳೆದು ನೋಡುವುದು. ಎಷ್ಟೋ ಸಲ ಹಿಂದಿನವರು ಜಾಗ ಸಾಲದೆ ಪಕ್ಕಕ್ಕೆ ತಿರುಗಿ ಬರೆದಿರುತ್ತಾರೆ. ತೊಟ್ಟಿಯ ಗೋಡೆಗೆ ಒತ್ತಿಕೊಂಡಿದ್ದ ಪಕ್ಕ ಅದು. ಗಾಳಿ ನೀರು ತಾಗಿರಲಿಲ್ಲ. ತಿಕ್ಕಿದ. ಅಕ್ಷರ ನಿನ್ನೆ ಕೊರೆದ ಹಾಗೆ ಎದ್ದವು. ಆದರೆ ತೀರಾ ತೆಳುವಾಗಿ ಕೊರೆದವು. ಪರಮೇಶ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಬರಿ ಒದ್ದೆ ಕಲ್ಲು ಬಂತು. ಹತ್ತಿರದಿಂದ ಬೆರಳಾಡಿಸುತ್ತ ಓದಬೇಕು, ಇಲ್ಲವೇ ಕಾಗದ ಹೊಡೆಯಬೇಕು.

ಮಂಗಳಾ ಬೆರಳಾಡಿಸಿದಳು. ಮೊದಲ ಸಾಲು ಓದುತ್ತಲೇ ಅವಳ ದನಿ ಏರಿತು. "ಹೊಲೆಯ ಮಾರನ ಮಗ ಬೊಮ್ಮ ತುರುವ ಮಗುಳ್ಚಿ ಸತ್ತಡೆ... ಅಪ್ಪಾ! ನಮ್ಮೋನು. ದನ ಹೊಡ್ಕೊಂಡು ಹೋಗೋಕೆ ಬಂದೋರನ್ನ ತಡೆದು ಸತ್ತೋನು ನಮ್ಮೋನು! ಅದಕ್ಕೆ ಊರೋರು ನೆತ್ತರುಗೊಡಗೆ ಕೊಟ್ಟವ್ರೆ."

"ಹಂಗಂದ್ರೆ?" ಅಂದಳು ಹನುಮಮ್ಮ.

"ರಕ್ತ ಚೆಲ್ಲಿದೋನ ಹೆಂಡ್ತಿ ಮಕ್ಳಿಗೆ ಭೂಮಿ ಬಿಟ್ಟುಕೊಡೋದು. ಕಂದಾಯ ಇಲ್ಲ, ಯಾರೂ ಕಿತ್ಕಳಂಗಿಲ್ಲ."

ಕೇರಿಯವರು ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದರು. ನೆತ್ತರುಗೊಡಗೆ. ಏಳುನೂರು ವರ್ಷ ತಮ್ಮ ಕಾಲ ಕೆಳಗೇ ಬಿದ್ದಿದ್ದ ಮಾತು. ಚಿಕ್ಕತಿಮ್ಮಪ್ಪ ಅವತ್ತೇ ಕಾಗದ ಹೊಡೆದ, ಎದುರಿಗೊಂದು, ಪಕ್ಕಕ್ಕೊಂದು. ಒಣಗಿಸಿ ಸುತ್ತಿದ. ಆಮೇಲೆ ಹಿಗ್ಗಿನಲ್ಲಿ ಡಾ. ಲಕ್ಷ್ಮೀಕಾಂತರಿಗೆ ಫೋನ್ ಮಾಡಿದ. ಇಪ್ಪತ್ತೆಂಟು ವರ್ಷ ಬೇರೆಯವರ ಕಲ್ಲು ತೋರಿಸಿದವನಿಗೆ ತನ್ನದೊಂದನ್ನು ತೋರಿಸುವ ಆಸೆ ಇರುವುದಿಲ್ಲವೇ? ಆ ಆಸೆಯೇ ಅವನ ತಪ್ಪು.

ಲಕ್ಷ್ಮೀಕಾಂತ್ ಕಾರಿನಲ್ಲಿ ಬಂದರು. ಕಲ್ಲು ನೋಡಿದರು. ಎರಡೂ ಕಾಗದ ತೆಗೆದುಕೊಂಡರು. ಅಲ್ಲಿಂದ ಮೇಲಿನ ಊರಿಗೆ ಹೋಗಿ ಬಸವೇಶನ ಮನೆಯಲ್ಲಿ ಊಟ ಮಾಡಿದರು. ಬಸವೇಶ ಗುಡಿಯ ಸಮಿತಿಯ ಅಧ್ಯಕ್ಷ. ಕೆರೆಯ ಕೆಳಗಿನ ದಾಳಿಂಬೆ ತೋಟ ಅವನದು. ಕೇಂದ್ರದ ವಿಚಾರ ಸಂಕಿರಣಗಳಿಗೆ ಊಟ, ಶಾಲು, ಹಾರ ಅವನ ಕಡೆಯಿಂದಲೇ ಬರುತ್ತಿದ್ದವು.

ಎರಡು ತಿಂಗಳಿಗೆ ಒಂದು ಕಿರುಪುಸ್ತಕ ಬಂತು. ನೀಲವ್ವನಕಟ್ಟೆಯ ಊರಗೌಡ ಬೊಮ್ಮನ ವೀರಗಲ್ಲು, ಊರಿನ ಮೂಲಪುರುಷ, ಇತ್ಯಾದಿ. ಎದುರು ಮುಖದಲ್ಲಿ ರಾಜನ ಹೆಸರು, ತಿಥಿ, ಬೊಮ್ಮ ಅನ್ನುವ ಹೆಸರು ಇದ್ದದ್ದು ನಿಜ. ಗೌಡ ಅನ್ನುವ ಮಾತು ಕಲ್ಲಿನ ಯಾವ ಮೂಲೆಯಲ್ಲೂ ಇರಲಿಲ್ಲ. ಕೊನೆಗೆ ಒಂದು ಅಡಿಟಿಪ್ಪಣಿ: ಪಕ್ಕದ ಮುಖದ ಅಕ್ಷರಗಳು ಸಂಪೂರ್ಣ ಸವೆದಿವೆ.

ಚಿಕ್ಕತಿಮ್ಮಪ್ಪನನ್ನೂ ಮಂಗಳಾಳನ್ನೂ ಲಕ್ಷ್ಮೀಕಾಂತ್ ಕೋಣೆಗೆ ಕರೆಸಿದರು.

"ಬಾ ತಿಮ್ಮಪ್ಪ, ಕೂತ್ಕೋ."

ಇಪ್ಪತ್ತೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕುಳಿತಿರಲಿಲ್ಲ. ಕುರ್ಚಿಯ ಮೇಲೆ ಕುಳಿತ ಕೂಡಲೇ ಗೊತ್ತಾಯಿತು, ಇವರು ಏನೋ ಕಿತ್ತುಕೊಳ್ಳುತ್ತಾರೆ.

"ಊರಿನವರು ಕಲ್ಲಿಗೆ ಮಂಟಪ ಕಟ್ಟಿಸ್ತಿದ್ದಾರೆ. ಗುಡಿ ಪಕ್ಕ. ಸಂತೋಷದ ವಿಷಯ. ನಮ್ಮ ಸ್ಮಾರಕಗಳು ಹೀಗಾದರೂ ಉಳೀಬೇಕು. ಗೋಡೆಯೊಳಗೆ ಕೂರಿಸಿ ಸಿಮೆಂಟ್ ಹಾಕ್ತಾರೆ. ಮುಖ ಮಾತ್ರ ಹೊರಗಿರುತ್ತೆ. ಮಳೆ ಗಾಳಿಗೆ ಏನೂ ಆಗಲ್ಲ."

"ಪಕ್ಕದ್ದು ಒಳಗೆ ಹೋಗ್ತೈತಲ್ಲ ಸಾರ್," ಅಂದ ಚಿಕ್ಕತಿಮ್ಮಪ್ಪ.

"ಅದು ಸವೆದಿದೆ."

"ಸವೆದಿಲ್ಲ ಸಾರ್. ನಾನೇ ಕಾಗ್ದ ಹೊಡೆದೀನಿ."

"ಹೊಡೆಯೋನು ನೀನು ತಿಮ್ಮಪ್ಪ. ಓದೋರು ನಾವು."

ಅಷ್ಟು ಹೇಳಿ ಅವರು ನಕ್ಕರು. ಸಿಟ್ಟೇನೂ ಇರಲಿಲ್ಲ. ಮಂಗಳಾ ಪಕ್ಕದ ಪಡಿಯಚ್ಚು ಎಲ್ಲಿದೆ ಅಂತ ಕೇಳಿದಳು. ಕಪಾಟು ಹುಡುಕಿಸಿದೆ, ಸಿಗಲಿಲ್ಲ ಅಂದರು. ಆಮೇಲೆ ಅವಳ ಕಡೆ ತಿರುಗಿದರು.

"ನೋಡಮ್ಮ, ಇತಿಹಾಸ ಅಂದ್ರೆ ಗಾಯ ಕೆದಕೋದಲ್ಲ. ಸಾಮರಸ್ಯ ಮುಖ್ಯ. ನಿನ್ನ ಪ್ರಬಂಧ ಚೆನ್ನಾಗಿದೆ. ಆ ಒಂದು ಅಧ್ಯಾಯ ಸರಿ ಮಾಡ್ಕೊಂಡು ಬಾ. ಪ್ರತಿಷ್ಠೆಯ ಮಾರನೇ ದಿನ ಪ್ರಮಾಣಪತ್ರಕ್ಕೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಈ ವರ್ಷ ನಿನ್ನ ಅವಧಿ ಮುಗಿಯುತ್ತೆ, ನನ್ನ ಕೈಲಿ ಏನೂ ಇಲ್ಲ."

ಅವರ ಕೈಯಲ್ಲಿ ಎಲ್ಲವೂ ಇತ್ತು. ಪೆನ್ನು ಇತ್ತು. ಸೀಲು ಇತ್ತು. ಒಬ್ಬ ಹುಡುಗಿಯ ನಾಲ್ಕು ವರ್ಷ ಇತ್ತು. ಗುರು ಅಂತ ಕರೆಸಿಕೊಳ್ಳುವವರು ಇಷ್ಟು ಮೃದುವಾಗಿ ಕುತ್ತಿಗೆ ಹಿಚುಕುತ್ತಾರೆ ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅಪ್ಪ ಮಗಳು ಬಸ್ಸು ಹತ್ತಿದರು. ಹೊಳಲ್ಕೆರೆಯಲ್ಲಿ ಇಳಿದು ತಾಳ್ಯದ ಬಸ್ಸಿಗೆ ಕಾದರು.

ತಿಂಗಳ ನಂತರ ಮಂಗಳಾ ದುರ್ಗದಿಂದ ಪ್ರಬಂಧದ ಬೈಂಡು ಪ್ರತಿ ತಂದು ಅಪ್ಪನ ಮುಂದಿಟ್ಟಳು. ಕೆಂಪು ರಟ್ಟು, ಬಂಗಾರದ ಅಕ್ಷರ. ಚಿಕ್ಕತಿಮ್ಮಪ್ಪ ಏಳನೇ ಕ್ಲಾಸು ಓದಿದವನು. ಕೈ ತೊಳೆದುಕೊಂಡು ಬಂದು ಮೊದಲ ಪುಟ ತೆರೆದ. ಕೃತಜ್ಞತೆಗಳ ಕೊನೆಯಲ್ಲಿ ಅವನ ಹೆಸರಿತ್ತು. 'ಈ ಪ್ರಬಂಧದ ಎಲ್ಲ ಪಡಿಯಚ್ಚುಗಳನ್ನು ತೆಗೆದವರು ನನ್ನ ತಂದೆ ಚಿಕ್ಕತಿಮ್ಮಪ್ಪ.' ಅಚ್ಚಿನಲ್ಲಿ ತನ್ನ ಹೆಸರನ್ನು ಅವನು ನೋಡಿದ್ದು ಅದೇ ಮೊದಲು. ಎರಡು ಸಲ ಓದಿದ. ಆಮೇಲೆ ಹಾಳೆ ತಿರುವುತ್ತ ನೀಲವ್ವನಕಟ್ಟೆಯನ್ನು ಹುಡುಕಿದ. ಇನ್ನೂರ ಹದಿನಾಲ್ಕನೇ ಪುಟ. 'ಪಕ್ಕದ ಮುಖದ ಅಕ್ಷರಗಳು ಸವೆದಿದ್ದು ಓದಲಾಗುವುದಿಲ್ಲ.'

"ಬರೆದ್ಯಾ?" ಅಂದ.

"ಬರೆದೆ."

ಹನುಮಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಏನು, ಏನಾಯಿತು ಅಂದಳು.

"ಏನ್ ಮಾಡ್ಲಪ್ಪಾ," ಅಂದಳು ಮಂಗಳಾ. ಅವಳು ಅಳಲಿಲ್ಲ. ಬ್ಯಾಂಕಿನಲ್ಲಿ ಫಾರಂ ತುಂಬಿಸುವವರ ದನಿ ಇರುತ್ತದಲ್ಲ, ಅಂಥ ದನಿ. "ನಾಕು ವರ್ಷ. ಬಿಟ್ರೆ ಎಲ್ಲಿಗೆ ಹೋಗ್ಲಿ? ಒಂದು ಸಾಲು ತಾನೆ ಅಂದ್ಕೊಂಡೆ. ಬರೆದೆ. ಬರೆಯುವಾಗ ಏನೂ ಅನ್ನಿಸ್ಲಿಲ್ಲ. ಈಗ್ಲೂ ಏನೂ ಅನ್ನಿಸ್ತಿಲ್ಲ."

ಚಿಕ್ಕತಿಮ್ಮಪ್ಪ ಬೈಯಲಿಲ್ಲ. ಅವನಿಗೂ ಏನೂ ಅನ್ನಿಸಲಿಲ್ಲ. ಪುಸ್ತಕವನ್ನು ಟ್ರಂಕಿನ ಮೇಲಿಟ್ಟು ಹೊರಗೆ ಹೋದ. ತೊಟ್ಟಿಯ ಹತ್ತಿರ ಕಲ್ಲು ಅಂಗಾತ ಮಲಗಿತ್ತು. ಮಗುಚಿದ ಮೇಲೆ ಹೆಂಗಸರು ಅದರ ಮೇಲೆ ಒಗೆಯುವುದನ್ನು ಬಿಟ್ಟಿದ್ದರು. ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕೈಯಲ್ಲೇ ತಿಕ್ಕುತ್ತಿದ್ದರು.

ಪ್ರತಿಷ್ಠೆಯ ದಿನ ಬೆಳಗ್ಗೆ ಎಂಟಕ್ಕೆ ಬಸವೇಶ ಕೇರಿಗೆ ಬಂದ. ಕೇರಿಯ ಬಾಯಲ್ಲಿ ನಿಂತು ಕೂಗಿದ.

"ತಿಮ್ಮಪ್ಪ, ಹತ್ತು ಜನ ಕರ್ಕ. ಹನ್ನೊಂದೂವರೆಗೆ ಮುಹೂರ್ತ. ಎತ್ಕಂಡು ಬಂದು ಪೌಳಿ ಹೊರಗಿನ ಮಂಟಪದಾಗೆ ಇಳಿಸ್ರಿ, ಸಾಕು."

ಪರಮೇಶ ಜೆಸಿಬಿ ತರಿಸಿ ಅಂದ.

"ಹಲ್ಲು ತಗುಲಿ ಮುಕ್ಕಾದ್ರೆ ಪೂಜೆಗೆ ಬರಲ್ಲ ಕಣಯ್ಯ. ಭಿನ್ನ ಆದ ಕಲ್ಲಿಗೆ ಯಾರು ಕೈ ಮುಗೀತಾರೆ? ಹೆಗಲ ಮೇಲೆ ಬರಬೇಕು."

"ಹಂಗಾದ್ರೆ ನಿಮ್ಮೋರೂ ನಾಕು ಜನ ಹೆಗಲು ಕೊಡ್ಲಿ."

ಬಸವೇಶ ಸಮಾಧಾನದಿಂದಲೇ ವಿವರಿಸಿದ. ನ್ಯಾಯ ಹೇಳುವವನ ಹಾಗೆ. "ಪ್ರತಿಷ್ಠೆ ಆಗೋ ತನಕ ಅದು ನಿಮ್ಮ ಕೇರಿ ಕಲ್ಲು. ನಮ್ಮೋರು ಹೆಂಗೆ ಮುಟ್ತಾರೆ? ಪ್ರತಿಷ್ಠೆ ಆದ ಮೇಲೆ ದೇವರು. ಆಗ ನೀವು ಮುಟ್ಟಂಗಿಲ್ಲ. ಹಿಂದ್ಲಿಂದ ನಡೆದು ಬಂದಿರೋದು ಹಂಗೈತೆ, ನಾನೇನು ಹೊಸದಾಗಿ ಮಾಡಿಲ್ಲ. ನಿಮ್ಮ ಹೆಣ್ಮಕ್ಳಿಗೆ ಬಟ್ಟೆ ಒಗೆಯೋಕೆ ಬೇರೆ ಚಪ್ಪಡಿ ಹಾಕಿಸ್ತೀನಿ."

ಯೋಚಿಸಿ ನೋಡಿ. ಕಲ್ಲಾಗಿರುವ ತನಕ ಹೊರಲು ಹೊಲೆಯ ಬೇಕು. ದೇವರಾದ ಗಳಿಗೆಯಿಂದ ಅವನ ನೆರಳೂ ಬೇಡ. ಆ ಕಲ್ಲಿನ ಮೇಲೆ ಬಿಲ್ಲು ಹಿಡಿದು ನಿಂತವನೂ ಹೊಲೆಯನೇ. ಇಂಥ ಲೆಕ್ಕಕ್ಕೆ ನಡೆದು ಬಂದದ್ದು ಅಂತ ಹೆಸರಿಡುತ್ತಾರೆ, ಥೂ.

ಚಿಕ್ಕತಿಮ್ಮಪ್ಪ ಆಯಿತು ಅಂದ. ಪರಮೇಶ ಅವನ ಮುಖ ನೋಡಿದ. ಚಿಕ್ಕಪ್ಪ ಆಗಲೇ ಹಗ್ಗ ಬಿಚ್ಚುತ್ತಿದ್ದ. ಮಗಳ ಸಹಿ ನಾಳೆ. ಅವನ ತಲೆಯಲ್ಲಿ ಇದ್ದದ್ದು ಅಷ್ಟೇ.

ಕಲ್ಲಿನ ಕೆಳಗೆ ಗೋಣಿತಟ್ಟು ತೂರಿಸಿದರು. ನಾಲ್ಕು ಕಡೆ ಹಗ್ಗ ಬಿಗಿದು ಎರಡು ಉದ್ದ ಬಂಬುಗಳಿಗೆ ಕಟ್ಟಿದರು. ಹತ್ತು ಹೆಗಲು. ಮುಂದೆ ಬಲಗಡೆ ಚಿಕ್ಕತಿಮ್ಮಪ್ಪ, ಎಡಗಡೆ ಮುದುಕ ಮೂರ್ತಪ್ಪ. ಎತ್ತಿದಾಗ ಬಂಬು ಕಿರುಗುಟ್ಟಿತು. ಯಾರದೋ ಮಂಡಿ ಲಟಕ್ ಅಂದಿತು. ಇಪ್ಪತ್ತು ಹೆಜ್ಜೆಗೆ ಬೆನ್ನೆಲ್ಲ ನೀರು. ಉಸಿರು ಬಿಡುವಾಗಲೂ ಎಲ್ಲರೂ ಒಟ್ಟಿಗೇ ಬಿಡಬೇಕು, ಇಲ್ಲದಿದ್ದರೆ ಭಾರ ಒಬ್ಬನ ಮೇಲೆ ವಾಲುತ್ತದೆ.

ಕೇರಿ ದಾಟಿ ಊರಿನ ಸಿಮೆಂಟು ರಸ್ತೆಗೆ ಹತ್ತಿದರು. ಅಲ್ಲಿ ಡೊಳ್ಳಿನವರಿದ್ದರು, ಮೈಕಿತ್ತು. ಲಕ್ಷ್ಮೀಕಾಂತ್ ರೇಷ್ಮೆಯ ಶಲ್ಯ ಹೊದ್ದು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಮೇಲಿನ ಊರಿನ ಜನ ಎರಡೂ ಬದಿ ಗೋಡೆಗೆ ಒತ್ತಿಕೊಂಡು ನಿಂತು ಕೈ ಮುಗಿದರು. ಕಲ್ಲಿಗೆ ಮುಗಿದರು. ಹೊತ್ತವರು ತಗುಲದ ಹಾಗೆ ಸೆರಗು ಬಿಗಿ ಹಿಡಿದುಕೊಂಡರು. ಒಬ್ಬ ಮನುಷ್ಯ ಗಂಜಲದ ಬಕೀಟು ಹಿಡಿದು ಹಿಂದೆ ಬರುತ್ತಿದ್ದ. ಹತ್ತು ಜನರ ಕಾಲು ಬಿದ್ದಲ್ಲೆಲ್ಲ ಬೇವಿನ ಸೊಪ್ಪಿನಿಂದ ಚಿಮುಕಿಸುತ್ತಿದ್ದ. ಗಂಜಲದ ಹನಿ ಪರಮೇಶನ ಹಿಮ್ಮಡಿಗೆ ಸಿಡಿಯಿತು.

"ಚಿಕ್ಕಪ್ಪಾ, ಹಿಂದೆ ತೊಳೀತಾ ಬರ್ತವ್ನೆ," ಅಂದ ಪರಮೇಶ ಹಲ್ಲು ಕಚ್ಚಿ.

"ಗೊತ್ತು. ನಡಿ."

ಚಿಕ್ಕತಿಮ್ಮಪ್ಪನ ಹೆಗಲು ಸತ್ತಿತ್ತು. ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು, ಈಗ ಅಲ್ಲಿ ಹೆಗಲೇ ಇಲ್ಲದ ಹಾಗಿತ್ತು. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕು ಅಂತ ಕಾದ, ಬರಲಿಲ್ಲ. ಹಾಲಿನ ಡೈರಿಯ ಮುಂದೆ ಬಂದಾಗ ಮುಂದಿನ ಹೆಜ್ಜೆ ಇಡಲು ಒಂದು ಕಾರಣ ಹುಡುಕಿದ. ಮಗಳ ಸಹಿ ಅಂದುಕೊಂಡ. ಇನ್ನೂರ ಹದಿನಾಲ್ಕನೇ ಪುಟ ಕಣ್ಣ ಮುಂದೆ ಬಂತು. ಆ ಪುಸ್ತಕದಲ್ಲಿ ತನ್ನ ಹೆಸರಿದೆ. ಆ ಸುಳ್ಳಿಗೆ ತಾನೇ ಸಾಕ್ಷಿ. ಅಷ್ಟು ಹೊತ್ತಿಗೆ ಕಾಲು ನಿಂತಿತ್ತು.

"ಇಳಿಸ್ರಿ," ಅಂದ.

ದಣಿವಿಗೆ ಅಂದುಕೊಂಡು ಉಳಿದವರೂ ಇಳಿಸಿದರು. ಕಲ್ಲು ನಡುರಸ್ತೆಯಲ್ಲಿ ಕುಳಿತಿತು. ಚಿಕ್ಕತಿಮ್ಮಪ್ಪ ಬಾಗಿ ಹಗ್ಗ ಬಿಚ್ಚತೊಡಗಿದ.

ಡೊಳ್ಳು ನಿಂತಿತು. ಬಸವೇಶ ಓಡಿ ಬಂದು ನಾಲ್ಕು ಮಾರು ದೂರದಲ್ಲಿ ನಿಂತ. "ಯಾಕಯ್ಯ? ಇನ್ನೂ ಗುಡಿ ಅಲ್ಲೈತೆ!"

"ಎತ್ತಲ್ಲ."

"ಅಂದ್ರೆ?"

"ನಾನು ಎತ್ತಲ್ಲ. ನೀವು ಎತ್ಕಳ್ರಿ."

ಮೂರ್ತಪ್ಪ ಬಂಬು ಕೆಳಗೆ ಹಾಕಿದ. ಪರಮೇಶ ಹಾಕಿದ. ಒಬ್ಬೊಬ್ಬರಾಗಿ ಹತ್ತೂ ಜನ ಸರಿದು ನಿಂತರು. ಬಸವೇಶ ಬೈದ. ಅವ್ವ ಅಕ್ಕ ಅಂತ ಎಲ್ಲ ಬೈದ. ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಅಂತ ಯಾರೋ ಕೂಗಿದರು. ಮೇಲಿನ ಊರಿನ ಇನ್ನೂರು ಜನ ಸುತ್ತ ನಿಂತಿದ್ದರು, ಹಾಲು ತುಪ್ಪ ತಿಂದ ತೋಳುಗಳು. ಒಂದು ಕೈಯೂ ಕಲ್ಲಿನ ಕಡೆ ಬರಲಿಲ್ಲ. ಮುಟ್ಟಿದರೆ ಮೈಲಿಗೆ, ಬಿಟ್ಟರೆ ಮುಹೂರ್ತ ಹೋಗುತ್ತದೆ. ತಾವೇ ಹೆಣೆದ ಬಲೆಯಲ್ಲಿ ತಾವೇ ನಿಂತಿದ್ದರು.

ಲಕ್ಷ್ಮೀಕಾಂತ್ ಹತ್ತಿರ ಬಂದರು. ದನಿ ತಗ್ಗಿಸಿ ಹೇಳಿದರು. "ತಿಮ್ಮಪ್ಪ, ನಾಳೆ ನಿನ್ನ ಮಗಳದ್ದು ಸಹಿ ಇದೆ. ನೆನಪಿದೆಯಲ್ಲ? ನಿನ್ನ ಕೆಲಸದ್ದೂ ನೆನಪಿಟ್ಕೋ."

"ಐತೆ ಸಾರ್."

ಅವನು ತಿರುಗಿದ. ಹೆಂಗಸರ ಗುಂಪಿನಲ್ಲಿ ಹನುಮಮ್ಮನ ಪಕ್ಕ ಮಂಗಳಾ ನಿಂತಿದ್ದಳು. ಅವನು ಕರೆಯಲಿಲ್ಲ. ಮಗಳ ನಾಲ್ಕು ವರ್ಷವನ್ನು ತಾನು ನಡುರಸ್ತೆಯಲ್ಲಿ ಇಳಿಸಿಬಿಟ್ಟೆ ಅಂತ ಅವನಿಗೆ ಗೊತ್ತಿತ್ತು. ಇನ್ನು ಅವಳನ್ನು ಏನು ಕೇಳುವುದು? ಅವನು ಡೈರಿಯ ನಲ್ಲಿಯಿಂದ ಒಂದು ಚೊಂಬು ನೀರು ತಂದು ಕಲ್ಲಿನ ಪಕ್ಕದ ಮುಖಕ್ಕೆ ಸುರಿದ. ಕೈಯಿಂದ ಒರೆಸಿದ. ಬೆರಳು ಅಕ್ಷರಗಳ ಮೇಲೆ ಹೋಯಿತು. ಅಂಗೈಗೆ ಏನೂ ತಿಳಿಯಲಿಲ್ಲ.

"ಹೊಲೆಯ..." ಅಂತ ಶುರು ಮಾಡಿದ. ಮುಂದಿನದು ಅವನಿಗೆ ಬಿಡಿಸಲು ಬರಲಿಲ್ಲ. "ಮಾ... ಮಾರ..."

ಯಾರೋ ನಕ್ಕರು. "ಓದೋನು ಬಂದ ನೋಡ್ರಪ್ಪ," ಅಂದ ಬಸವೇಶ.

ಮಂಗಳಾ ಗುಂಪಿನಿಂದ ಹೊರಗೆ ಬಂದಳು. ಓಡಲಿಲ್ಲ, ನಡೆದು ಬಂದಳು. ಸೀರೆಯ ಮಡಿಕೆ ಎತ್ತಿ ರಸ್ತೆಯ ಮೇಲೆ ಮಂಡಿಯೂರಿದಳು.

"ಮಂಗಳಾ," ಅಂದರು ಲಕ್ಷ್ಮೀಕಾಂತ್. "ನೀನು ಬರೆದು ಕೊಟ್ಟಿದ್ದೀಯ. ಅಕ್ಷರ ಸವೆದಿದೆ ಅಂತ ನಿನ್ನ ಕೈಯಾರೆ ಬರೆದಿದ್ದೀಯ."

"ಹೌದು ಸಾರ್, ಬರೆದಿದ್ದೆ. ಸುಳ್ಳು ಬರೆದಿದ್ದೆ."

ಅವಳು ಅಪ್ಪನ ಕೈ ಸರಿಸಿ ತನ್ನ ಬೆರಳಿಟ್ಟಳು. ಏರಿಳಿತವಿಲ್ಲದ ದನಿಯಲ್ಲಿ, ಹಾಜರಿ ಕೂಗುವವಳ ಹಾಗೆ ಓದಿದಳು. ಹೊಲೆಯ ಮಾರನ ಮಗ ಬೊಮ್ಮ ತುರುವ ಮಗುಳ್ಚಿ ಸತ್ತಡೆ ಸಮಸ್ತ ಪ್ರಜೆಗಳು ಕೆರೆಯ ಕೆಳಗೆ ಖಂಡುಗ ಗದ್ದೆಯ ನೆತ್ತರುಗೊಡಗೆಯಾಗಿ ಬಿಟ್ಟರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಎರಡನೇ ಸಲ ಡೊಳ್ಳಿನವರೂ ಹತ್ತಿರ ಬಂದು ಕೇಳಿದರು. ಲಕ್ಷ್ಮೀಕಾಂತ್ ಮೊಬೈಲು ಜೇಬಿಗೆ ಹಾಕಿಕೊಂಡು ಕಾರಿನ ಕಡೆ ನಡೆದರು. ನಾಳೆ ಇಲ್ಲ, ಸಹಿ ಇಲ್ಲ. ಅವರು ಹೋದದ್ದನ್ನು ಮಂಗಳಾ ನೋಡಿದಳು. ಅವಳ ಮುಖ ಹಾಗೇ ಇತ್ತು.

ಹನುಮಮ್ಮ ಮುಂದೆ ಬಂದು ಮಗಳ ಪಕ್ಕ ಕುಳಿತಳು. ಅವಳಿಗೆ ಪ್ರಬಂಧ ಗೊತ್ತಿಲ್ಲ, ಅಡಿಟಿಪ್ಪಣಿ ಗೊತ್ತಿಲ್ಲ. ಅವಳು ಕೇಳಿದ್ದು ಒಂದೇ.

"ಆ ಗದ್ದೆ ಈಗ ಎಲ್ಲೈತೆ ಮಂಗಳಾ?"

ಬಸವೇಶ ಬೈಯುವುದನ್ನು ನಿಲ್ಲಿಸಿದ.

"ಕೆಳಗೆ ಇನ್ನೂ ಮೂರು ಸಾಲು ಅವೆ ಅವ್ವಾ, ನಿಮಗೆ ಓದಿ ಹೇಳಿರಲಿಲ್ಲ," ಅಂದಳು ಮಂಗಳಾ. "ಎಲ್ಲೆ ಬರೆದವ್ರೆ. ಮೂಡಲು ತೂಬಿನ ಕಾಲುವೆ. ತೆಂಕಲು ನಟ್ಟ ಕಲ್ಲು. ಪಡುವಲು ಕೆರೆಯ ಏರಿ. ಬಡಗಲು ಹುಟ್ಟುಗುಂಡು."

ಕೇರಿಯವರಿಗೆ ಆ ನಾಲ್ಕೂ ಗೊತ್ತಿದ್ದವು. ಅದೇ ಕಾಲುವೆಯ ಪಕ್ಕ, ಅದೇ ಗುಂಡಿನ ನೆರಳಲ್ಲಿ ಅವರು ದಿನಾ ಕೂಲಿಗೆ ಹೋಗಿ ಬಸವೇಶನ ದಾಳಿಂಬೆ ಕೊಯ್ಯುತ್ತಿದ್ದರು. ಮೂರ್ತಪ್ಪ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ.

"ಹೋಗಾಣ ನಡಿರಿ," ಅಂದ.

ಹತ್ತು ಜನ ಹೊರಟರು. ಅವರ ಹಿಂದೆ ಹೆಂಗಸರು ಹೊರಟರು. ಚಿಕ್ಕತಿಮ್ಮಪ್ಪ ಮಗಳಿಗೆ ಕೈ ಕೊಟ್ಟು ಎಬ್ಬಿಸಿದ. ಯಾರೂ ಘೋಷಣೆ ಕೂಗಲಿಲ್ಲ. ಕೆರೆಯ ಕಡೆಗೆ ಇಳಿಯುವ ದಾರಿಯಲ್ಲಿ ಬರಿಗಾಲುಗಳ ಸದ್ದು ಮಾತ್ರ ಇತ್ತು. ತೋಟದ ತಂತಿಬೇಲಿಯ ಹತ್ತಿರ ಬಂದಾಗ ಅವರು ನಿಲ್ಲಲಿಲ್ಲ. ಪರಮೇಶ ಕೆಳಗಿನ ತಂತಿಯನ್ನು ಕಾಲಿನಿಂದ ಒತ್ತಿ ಮೇಲಿನದನ್ನು ಕೈಯಿಂದ ಎತ್ತಿ ಹಿಡಿದ. ಮೊದಲು ಹನುಮಮ್ಮ ಬಗ್ಗಿ ಒಳಗೆ ಹೋದಳು.